ಎಸ್‌ಬಿಸಿ ಕಾಲ್ ರೂಟಿಂಗ್ ಪರೀಕ್ಷೆ: ಶೋ ಡಯಲ್‌ಪ್ಲಾನ್ ಸರಿ ಅನ್ನುತ್ತೆ, ಕಾಲ್ ಮಾತ್ರ 404

ತುಂಗಾ_ಟ್ರಂಕ್

ಎಲ್ಲರಿಗೂ ನಮಸ್ಕಾರ. ಪಿಆರ್‌ಐ ಲೈನ್ (ಹಳೆಯ ಡಿಜಿಟಲ್ ಫೋನ್ ಲೈನ್) ತೆಗೆದು ಸಿಪ್ ಟ್ರಂಕಿಗೆ (ಐಪಿ ಜಾಲದ ಮೇಲೆ ಓಡುವ ಫೋನ್ ಲೈನ್) ಬದಲಾಯಿಸುವ ಕೆಲಸ ನಡೀತಿದೆ. ಎಸ್‌ಬಿಸಿ (ಒಳಗಿನ ಫೋನ್ ವ್ಯವಸ್ಥೆಗೂ ಹೊರಗಿನ ಟ್ರಂಕಿಗೂ ನಡುವೆ ಕೂತು ಕರೆ ದಾಟಿಸುವ ಸಾಧನ) ಸಿಸ್ಕೋ ಕ್ಯೂಬ್, ಐಒಎಸ್ ಎಕ್ಸ್‌ಇ 17.6. ಒಳಗಡೆ ಕಚೇರಿ ಫೋನುಗಳನ್ನು ನಡೆಸುವ ಎರಡು ಕಾಲ್ ಮ್ಯಾನೇಜರ್ ಸರ್ವರ್ (10.10.20.11 ಮತ್ತು 12). ಹೊರಗಡೆ ಬೆಂಗಳೂರು 080 ನಂಬರುಗಳಿರುವ ಎರಡು ಟ್ರಂಕ್: ಎ (192.0.2.10), ಬಿ (198.51.100.10). ಐಪಿ ವಿಳಾಸಗಳು ಉದಾಹರಣೆಗೆ ಹಾಕಿದ್ದು.

ಡಯಲ್ ಪೀರ್ ಅಂದರೆ ಕರೆ ಯಾವ ಕಡೆಯಿಂದ ಬರುತ್ತೆ, ಯಾವ ಕಡೆಗೆ ಹೋಗುತ್ತೆ ಅಂತ ಹೇಳುವ ಒಂದೊಂದು ನಮೂದು. ಪೀರ್ 100 ಕಾಲ್ ಮ್ಯಾನೇಜರ್ ಕಡೆಯಿಂದ ಒಳಬರುವುದಕ್ಕೆ, 200 ಟ್ರಂಕುಗಳಿಂದ ಒಳಬರುವುದಕ್ಕೆ. 110 ಟ್ರಂಕ್ ಎ ಕಡೆಗೆ (ಪ್ರಿಫರೆನ್ಸ್ 1, ಅಂದರೆ ಮೊದಲು), 120 ಟ್ರಂಕ್ ಬಿ ಕಡೆಗೆ (ಪ್ರಿಫರೆನ್ಸ್ 2). 210, 220 ಎರಡೂ ಕಾಲ್ ಮ್ಯಾನೇಜರ್ ಕಡೆಗೆ. ಕಾಲ್ ಮ್ಯಾನೇಜರ್ ಎಲ್ಲ ನಂಬರನ್ನೂ +91 ಸೇರಿಸಿಯೇ ಕಳಿಸುತ್ತೆ.

ತೊಂದರೆ: ಲ್ಯಾಂಡ್‌ಲೈನ್ ಎಲ್ಲ ಹೋಗುತ್ತೆ. ಮೊಬೈಲ್ ಬಹುಪಾಲು ಹೋಗುತ್ತೆ, ಕೆಲವು ನಂಬರಿಗೆ ಮಾತ್ರ ಕೂಡಲೇ 404. ಆಗ ಟ್ರಂಕ್ ಬಿ ಕಡೆಗೂ ಪ್ರಯತ್ನ ಆಗಲ್ಲ. ಅದೇ ನಂಬರನ್ನು ‘ಶೋ ಡಯಲ್‌ಪ್ಲಾನ್ ನಂಬರ್’ಗೆ ಕೊಟ್ಟರೆ 110, ಆಮೇಲೆ 120 ಅಂತ ಸರಿಯಾಗೇ ತೋರಿಸುತ್ತೆ. ಲೈವ್ ಹೋಗುವ ಮೊದಲು ರೂಟಿಂಗನ್ನು ಪೂರ್ತಿ ಪರೀಕ್ಷೆ ಮಾಡುವ ಕ್ರಮವೂ ಬೇಕು.

ಡಯಲ್‌ಪೀರ್_ಸೊನ್ನೆ

ಒಂದು ಕರೆಗೆ ಕ್ಯೂಬ್ ಮೂರು ತೀರ್ಮಾನ ಮಾಡುತ್ತೆ ಸರ್. ಕರೆ ಯಾವ ಪೀರ್ ಮೇಲೆ ಒಳಗೆ ಬಂತು, ಯಾವ ಪೀರ್ ಮೇಲೆ ಹೊರಗೆ ಹೋಗಬೇಕು, ಹೋಗುವಾಗ ನಂಬರ್ ಯಾವ ರೂಪದಲ್ಲಿರಬೇಕು. ‘ಶೋ ಡಯಲ್‌ಪ್ಲಾನ್ ನಂಬರ್’ ಉತ್ತರ ಕೊಡೋದು ನಡುವಿನ ಪ್ರಶ್ನೆಗೆ ಮಾತ್ರ. ನೀವು ಕೊಟ್ಟ ಅಂಕಿಗಳನ್ನು ಹಾಗೇ ತಗೊಂಡು ಹೊರಹೋಗುವ ಪೀರ್‌ಗಳ ಪಟ್ಟಿ ಹಾಕುತ್ತೆ, ಅಷ್ಟೇ. ಒಳಬರುವ ಪೀರ್ ಮೇಲಿನ ಟ್ರಾನ್ಸ್‌ಲೇಷನ್ (ನಂಬರಿನ ರೂಪ ಬದಲಿಸುವುದು) ಅದಕ್ಕೆ ಲೆಕ್ಕಕ್ಕಿಲ್ಲ, ಹೊರಹೋಗುವ ಟ್ರಾನ್ಸ್‌ಲೇಷನ್ ಆದ ಮೇಲೆ ನಂಬರ್ ಏನಾಯ್ತು ಅಂತಲೂ ಹೇಳಲ್ಲ.

ಇನ್ನೊಂದು ವಿಷಯ. ಒಳಬರುವ ಪೀರ್ ಮೇಲೆ ‘ಡೆಸ್ಟಿನೇಷನ್ ಡಿಪಿಜಿ’ (ಡಯಲ್ ಪೀರ್ ಗುಂಪು) ಇದ್ದರೆ ನಂಬರ್ ಹೊಂದಾಣಿಕೆಯೇ ಆಗಲ್ಲ, ಕರೆ ನೇರ ಆ ಗುಂಪಿನ ಪೀರ್‌ಗಳಿಗೆ ಹೋಗುತ್ತೆ. ಆಗ ಈ ಆಜ್ಞೆ ತೋರಿಸೋದಕ್ಕೂ ನಿಜವಾಗಿ ಆಗೋದಕ್ಕೂ ಸಂಬಂಧವೇ ಇರಲ್ಲ. ಸಿಒಆರ್ (ಯಾರು ಎಲ್ಲಿಗೆ ಕರೆ ಮಾಡಬಹುದು ಅನ್ನುವ) ನಿರ್ಬಂಧ ಹಾಕಿದ್ದರೆ ‘ಶೋ ಡಯಲ್‌ಪ್ಲಾನ್ ಡಯಲ್‌ಪೀರ್ 100 ನಂಬರ್’ ಅಂತ ಒಳಬರುವ ಪೀರನ್ನೂ ಸೇರಿಸಿ ಕೇಳಿ.

404 ಬಂದಾಗ ಬಿ ಕಡೆಗೆ ಹೋಗದೇ ಇರುವುದು ದೋಷವಲ್ಲ. 404 ಅಂದರೆ ಕಾರಣ ಸಂಖ್ಯೆ 1, ಅಂಥ ನಂಬರೇ ಇಲ್ಲ ಅಂತ. ಅದಕ್ಕೂ, 17ಕ್ಕೂ (ಬ್ಯುಸಿ) ಕ್ಯೂಬ್ ಡೀಫಾಲ್ಟ್ ಆಗಿ ಮುಂದಿನ ಪೀರ್ ಹುಡುಕಲ್ಲ. ಹುಡುಕಬಾರದು ಕೂಡ. ಎ ಕಡೆ ಬ್ಯುಸಿ ಇರುವ ಮೊಬೈಲ್ ಬಿ ಕಡೆಯಿಂದಲೂ ಬ್ಯುಸಿಯೇ.

110ರ ಮೇಲಿನ ಹೊರಹೋಗುವ ಟ್ರಾನ್ಸ್‌ಲೇಷನ್ ರೂಲ್ ಹಾಕಿ, ನೋಡೋಣ. 404 ಬಂದ ನಂಬರುಗಳ ಮೊದಲ ನಾಲ್ಕು ಅಂಕಿಯೂ ಬೇಕು.

ತುಂಗಾ_ಟ್ರಂಕ್

ರೂಲ್ 1 : /^\+9180/ //
ರೂಲ್ 2 : /^\+91/ /0/
ರೂಲ್ 3 : /^\+/ /00/

(ಪ್ರತಿ ರೂಲಿನಲ್ಲಿ ಮೊದಲ ಭಾಗ ಹುಡುಕುವುದು, ಎರಡನೆಯದು ಅದರ ಜಾಗಕ್ಕೆ ಹಾಕುವುದು.) ಬೆಂಗಳೂರು ಲೋಕಲ್ ನಂಬರ್ 8 ಅಂಕಿಯಲ್ಲಿ ಹೋಗಲಿ ಅಂತ ಮೊದಲನೆಯದು. 404 ಬಂದ ಮೊಬೈಲುಗಳು 8088, 8050, 8095ರಲ್ಲಿ ಶುರುವಾಗುವಂಥವು.

ಡಯಲ್‌ಪೀರ್_ಸೊನ್ನೆ

ಸಿಕ್ಕಿತು. 80 ಅಂದರೆ ಬೆಂಗಳೂರಿನ ಎಸ್‌ಟಿಡಿ ಕೋಡ್ ಅಂತ ನಿಮ್ಮ ರೂಲ್ ನಂಬಿದೆ. ಆದರೆ 80ರಿಂದ ಶುರುವಾಗುವ ಮೊಬೈಲ್ ಸರಣಿಗಳೂ ಇವೆ. +918088 ಅಂತ ಬಂದ ಮೊಬೈಲ್ ನಂಬರಿನ ಮುಂದಿನ +9180ನ್ನು ಕತ್ತರಿಸಿದಾಗ ಉಳಿಯೋದು 88ರಿಂದ ಶುರುವಾಗುವ 8 ಅಂಕಿ. ಹಾಗೊಂದು ಲೋಕಲ್ ನಂಬರ್ ಇಲ್ಲ ಅಂತ ಟ್ರಂಕ್ 404 ಕೊಡುತ್ತೆ. ಟ್ರಂಕಿನವರ ತಪ್ಪು ಇದರಲ್ಲಿ ಏನೂ ಇಲ್ಲ.

ಕರೆ ಮಾಡದೇ ಇದನ್ನು ಹಿಡಿಯಬಹುದು. ‘ಟೆಸ್ಟ್ ವಾಯ್ಸ್ ಟ್ರಾನ್ಸ್‌ಲೇಷನ್-ರೂಲ್’ ಬರೆದು ರೂಲ್ ಗುಂಪಿನ ಸಂಖ್ಯೆ, ಅದರ ಮುಂದೆ ಪೂರ್ತಿ ನಂಬರ್ ಕೊಡಿ. ಎಷ್ಟನೇ ರೂಲ್ ಹತ್ತಿತು, ಮೂಲ ನಂಬರ್ ಏನು, ಬದಲಾದ ನಂಬರ್ ಏನು, ಮೂರನ್ನೂ ಹೇಳುತ್ತೆ. ರೂಲುಗಳಲ್ಲಿ ಮೊದಲು ಹೊಂದಿದ್ದೇ ಗೆಲ್ಲೋದು, ಅತಿ ಉದ್ದದ್ದು ಅಲ್ಲ. ಹಾಗಾಗಿ ಕ್ರಮ ಮುಖ್ಯ.

ರೂಲ್ 1ರಲ್ಲಿ 80ರ ಮುಂದೆ [2346] ಅಂತ ಸೇರಿಸಿ ತೇಪೆ ಹಾಕಬಹುದು. ನನ್ನ ಸಲಹೆ, ಆ ರೂಲನ್ನೇ ಕಿತ್ತುಹಾಕಿ. ಎಲ್ಲವನ್ನೂ 0 ಮತ್ತು 10 ಅಂಕಿಯಾಗಿ ಕಳಿಸಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಮಾಡುವಾಗ ಮುಂದೆ 0 ಕಡ್ಡಾಯ ಆಗಿದೆ, ಲೋಕಲ್ ಮೊಬೈಲಾದರೂ ಸರಿ. ಬೆಂಗಳೂರು ಲ್ಯಾಂಡ್‌ಲೈನನ್ನೂ 080 ಸೇರಿಸಿ 11 ಅಂಕಿಯಲ್ಲಿ ತಗೋತೀರಾ ಅಂತ ಟ್ರಂಕಿನವರನ್ನು ಕೇಳಿ. ಹೂಂ ಅಂದರೆ ವಿಶೇಷ ರೂಲ್ ಯಾವುದೂ ಬೇಕಾಗಿಲ್ಲ.

ಗಂಟೆ_ಗೌಡ್ತಿ

ರೂಲ್ 2ರಲ್ಲಿ ಇನ್ನೊಂದು ಗುಂಡಿ ಇದೆ. ಕಾಲ್ ಮ್ಯಾನೇಜರ್ 1800 ನಂಬರಿಗೂ +91 ಹಚ್ಚಿ ಕಳಿಸಿದರೆ ಇದು 01800 ಮಾಡುತ್ತೆ. ಟೋಲ್ ಫ್ರೀ ನಂಬರಿಗೆ ಮುಂದೆ 0 ಇಲ್ಲ. ಅದಕ್ಕೆ ಬೇರೆ ರೂಲ್ ಬೇಕು, ಅದೂ 2ಕ್ಕಿಂತ ಮೇಲೆ: /^\+91\(1800.*\)/ /\1/

ಪರೀಕ್ಷೆಗೆ ಹತ್ತಿಪ್ಪತ್ತು ಸ್ನೇಹಿತರ ಮೊಬೈಲಿಗೆ ಹೊಡೆದು ನೋಡಿದರೆ ಸಾಲದು, ಅವೆಲ್ಲ 98, 99ರವೇ ಆಗಿರುತ್ತವೆ. ನಂಬರಿನ ಆಕಾರ ಬೇರೆ ಬೇರೆ ಇರಬೇಕು. ಮೊಬೈಲ್ ಅಂದರೆ 6, 7, 8, 9 ಪ್ರತಿಯೊಂದರದ್ದೂ ಒಂದು, 80ರದ್ದು ಪ್ರತ್ಯೇಕ. ಲೋಕಲ್ ಲ್ಯಾಂಡ್‌ಲೈನ್. ಎಸ್‌ಟಿಡಿಯಲ್ಲಿ ಕೋಡಿನ ಉದ್ದ ಮೂರು ಬಗೆ: ಮುಂಬೈ 022, ಮೈಸೂರು 0821, ಕಲಬುರಗಿ 08472. 0 ಬಿಟ್ಟು ಕೋಡು, ನಂಬರು ಕೂಡಿದರೆ ಎಲ್ಲೆಡೆ 10 ಅಂಕಿಯೇ. ಆದರೂ 8472ರಂಥ ಕೋಡುಗಳು ಯಾರೋ ಬರೆದ ‘0[6-9] ಬಂದರೆ ಮೊಬೈಲ್’ ಅನ್ನೋ ಪ್ಯಾಟರ್ನಿಗೆ ಸಿಕ್ಕಿಬೀಳುತ್ತವೆ. ಎಸ್‌ಟಿಡಿಗೆ ಬೇರೆ ಅನುಮತಿ, ಮೊಬೈಲಿಗೆ ಬೇರೆ ಅನುಮತಿ ಇಟ್ಟ ಕಚೇರಿಯಲ್ಲಿ ಇದು ಬಹಳ ಕಾಡುತ್ತೆ. ಆಮೇಲೆ 1800, 00 ವಿದೇಶ, ಮತ್ತು ಹೋಗಲೇಬಾರದ ನಂಬರುಗಳು. ವಿದೇಶದ ಅನುಮತಿ ಇಲ್ಲದ ಫೋನಿಂದ 00 ಒತ್ತಿದರೆ ನಿಲ್ಲುತ್ತಾ ಅನ್ನೋದೂ ರೂಟಿಂಗ್ ಪರೀಕ್ಷೆಯೇ.

ಒಳಬರುವ ಕಡೆಗೆ ಡಿಐಡಿ (ಹೊರಗಿನಿಂದ ನೇರ ಒಂದೊಂದು ಫೋನಿಗೆ ಬರುವ ನಂಬರ್) ಗುಂಪಿನ ಮೊದಲನೆಯದು, ಕೊನೆಯದು, ನಡುವಿನದೊಂದು, ಜೊತೆಗೆ ಯಾರಿಗೂ ಹಂಚದೇ ಉಳಿದ ಒಂದು.

ಹಳೇಬೇರು

ಆ ಕೊನೆಯದನ್ನು ಬಿಡಲೇಬೇಡಿ. ಹಂಚದ ಡಿಐಡಿಗೆ ಹೊರಗಿನಿಂದ ಕರೆ ಬರುತ್ತೆ. ಕ್ಯೂಬ್ ಅದನ್ನು ಕಾಲ್ ಮ್ಯಾನೇಜರಿಗೆ ಕೊಡುತ್ತೆ. ಅಲ್ಲಿ ಆ ನಂಬರಿನ ಫೋನಿಲ್ಲ, ಆದರೆ +91 ಎಂಬ ರೂಟ್ ಪ್ಯಾಟರ್ನ್ ಇದೆ, ಹೊಂದಿಬಿಡುತ್ತೆ. ಕರೆ ವಾಪಸ್ ಕ್ಯೂಬಿಗೆ, ಅಲ್ಲಿಂದ ಟ್ರಂಕಿಗೆ, ಟ್ರಂಕಿನವರು ‘ಇದು ನಿಮ್ಮದೇ ನಂಬರ್’ ಅಂತ ತಿರುಗಿ ಕ್ಯೂಬಿಗೆ. ಮ್ಯಾಕ್ಸ್-ಫಾರ್ವರ್ಡ್ಸ್ (ಕರೆ ಇನ್ನೆಷ್ಟು ಸಲ ಮುಂದೆ ದಾಟಬಹುದು ಅನ್ನುವ ಲೆಕ್ಕ) 70ರಿಂದ ಇಳಿಯುತ್ತಾ ಸೊನ್ನೆಯಾಗಿ 483 ಬರಬೇಕು ಅಂತ ಪುಸ್ತಕ ಹೇಳುತ್ತೆ. ಆದರೆ ನಡುವಿನ ಒಂದೊಂದು ಎಸ್‌ಬಿಸಿಯೂ ಕರೆಯನ್ನು ಹೊಸದಾಗಿ ಹುಟ್ಟಿಸಿ ಆ ಲೆಕ್ಕವನ್ನು ಮತ್ತೆ 70ಕ್ಕೆ ಏರಿಸಬಹುದು. ಪ್ರತಿ ಸುತ್ತಿಗೂ ಎರಡು ಚಾನೆಲ್ ಹೋಗುತ್ತೆ. 30 ಚಾನೆಲಿನ ಟ್ರಂಕ್ ಆಗಿದ್ದರೆ ಹದಿನೈದೇ ಸುತ್ತಿಗೆ ತುಂಬುತ್ತೆ, ಆ ಹೊತ್ತಿನಲ್ಲಿ ಬೇರೆಯವರಿಗೆ 503 (ಸೇವೆ ಲಭ್ಯವಿಲ್ಲ).

ಪರಿಹಾರ ಕಾಲ್ ಮ್ಯಾನೇಜರಿನಲ್ಲಿದೆ: ಟ್ರಂಕಿನ ಒಳಬರುವ ಕಾಲಿಂಗ್ ಸರ್ಚ್ ಸ್ಪೇಸಿನಲ್ಲಿ (ಕರೆ ಯಾವ ಪ್ಯಾಟರ್ನುಗಳನ್ನು ಮುಟ್ಟಬಹುದು ಅನ್ನುವ ಪಟ್ಟಿ) ಹೊರಹೋಗುವ ಪ್ಯಾಟರ್ನ್ ಇರಕೂಡದು. ಅದರ ಮೇಲೆ ನಿಮ್ಮ ಡಿಐಡಿ ಗುಂಪಿಗೆ ಒಂದು ತಡೆ ಪ್ಯಾಟರ್ನ್ ಹಾಕಿ.

ರಿಂಗ್‌ಬ್ಯಾಕ್

ಒಳಬರುವ ಪೀರ್ ಯಾವುದು ಅಂತ ಯಾರೂ ಇನ್ನೂ ನೋಡಿಲ್ಲ. ಅರ್ಧ ಸಮಸ್ಯೆ ಅಲ್ಲೇ ಇರುತ್ತೆ. ಕ್ಯೂಬ್ ಹುಡುಕುವ ಕ್ರಮ: ಮೊದಲು ‘ಇನ್‌ಕಮಿಂಗ್ ಯುಆರ್‌ಐ’ (ಸಿಪ್ ಸಂದೇಶದಲ್ಲಿರುವ ವಿಳಾಸ), ಅದರಲ್ಲಿ ವಯಾ, ರಿಕ್ವೆಸ್ಟ್, ಟು, ಫ್ರಮ್ ಈ ಸರದಿಯಲ್ಲಿ. ಆಮೇಲೆ ‘ಇನ್‌ಕಮಿಂಗ್ ಕಾಲ್ಡ್-ನಂಬರ್’. ಆಮೇಲೆ ಕರೆ ಮಾಡಿದವರ ನಂಬರ್. ಆಮೇಲೆ ಡೆಸ್ಟಿನೇಷನ್ ಪ್ಯಾಟರ್ನನ್ನೇ ಕರೆ ಮಾಡಿದವರ ನಂಬರಿಗೆ ಹೋಲಿಸಿ ನೋಡುತ್ತೆ. ಏನೂ ಸಿಗದಿದ್ದರೆ ಪೀರ್ 0, ಅಂದರೆ ಡೀಫಾಲ್ಟ್ ಪೀರ್.

ಪೀರ್ 0 ಸಿಕ್ಕರೂ ಕರೆ ಹೋಗಿಬಿಡಬಹುದು, ಅದೇ ಕಷ್ಟ. ಮಾತು ಕೇಳುತ್ತೆ, ಆದರೆ ಡಿಟಿಎಂಎಫ್ ರಿಲೇ (ಒತ್ತಿದ ಅಂಕಿಯನ್ನು ಆಚೆ ದಾಟಿಸುವುದು) ಇಲ್ಲದ್ದರಿಂದ ಬ್ಯಾಂಕಿನ ಐವಿಆರ್‌ನಲ್ಲಿ ಒಂದನ್ನು ಒತ್ತಿದರೆ ಏನೂ ಆಗಲ್ಲ. ‘ಐವಿಆರ್ ಕೆಲಸ ಮಾಡ್ತಿಲ್ಲ’ ಅಂತ ದೂರು ಬಂದರೆ ಕೋಡೆಕ್ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ) ಕಡೆಗೆ ಹೋಗುವ ಮೊದಲು ‘ಶೋ ಕಾಲ್ ಆ್ಯಕ್ಟಿವ್ ವಾಯ್ಸ್ ಬ್ರೀಫ್’ನಲ್ಲಿ ಪಿಐಡಿ (ಪೀರ್ ಸಂಖ್ಯೆ) ನೋಡಿ. ಕರೆಗೆ ಎರಡು ಕಾಲು (ಒಳಬರುವುದೊಂದು, ಹೊರಹೋಗುವುದೊಂದು), ಎರಡಕ್ಕೂ ಪಿಐಡಿ ಇರುತ್ತೆ. ಒಂದು 0 ಅಂದರೆ ಅಲ್ಲೇ ನಿಲ್ಲಿ.

ಪೀರ್ 200ಕ್ಕೆ ‘ವಾಯ್ಸ್ ಕ್ಲಾಸ್ ಯುಆರ್‌ಐ’ ಮಾಡಿ ವಯಾ ಮೇಲೆ ಹೊಂದಿಸಿ, ಅದರಲ್ಲಿ ಎರಡೂ ಟ್ರಂಕಿನ ಐಪಿ ಬರೆಯಿರಿ. ಸೇವೆ ಕೊಡುವವರು ನೀವು ಕಳಿಸುವ ಐಪಿಯಿಂದಲೇ ತಿರುಗಿ ಕರೆ ಕಳಿಸುತ್ತಾರೆ ಅನ್ನುವ ಖಾತ್ರಿ ಇಲ್ಲ. ಅವರ ಕಡೆ ಸಿಗ್ನಲಿಂಗ್ ಐಪಿ ನಾಲ್ಕಿದ್ದರೆ ನಾಲ್ಕನ್ನೂ ಪಡೆದು ಬರೆಯಬೇಕು. ಇಲ್ಲದಿದ್ದರೆ ಎರಡರಲ್ಲೊಂದು ಆಗುತ್ತೆ:

ನಂಬಿಕೆಯ ಪಟ್ಟಿಯಲ್ಲಿ ಆ ಐಪಿ ಇಲ್ಲ, ಇನ್ವೈಟಿಗೆ (ಕರೆ ಶುರು ಮಾಡುವ ಸಂದೇಶ) ಉತ್ತರವೇ ಇಲ್ಲ, 100 (ಪ್ರಯತ್ನಿಸುತ್ತಿದ್ದೇನೆ ಅನ್ನುವ ಉತ್ತರ) ಕೂಡ ಹೋಗಲ್ಲ. ಕ್ಯೂಬ್ ಸದ್ದಿಲ್ಲದೆ ಎಸೆಯುತ್ತೆ. ‘ಶೋ ಐಪಿ ಅಡ್ರೆಸ್ ಟ್ರಸ್ಟೆಡ್ ಲಿಸ್ಟ್’ ನೋಡಿ.

ಅಥವಾ ಪಟ್ಟಿಯಲ್ಲಿದೆ, ಆದರೆ ಯುಆರ್‌ಐ ಹೊಂದಲಿಲ್ಲ. ಪೀರ್ 100ರ ಮೇಲೆ ‘ಇನ್‌ಕಮಿಂಗ್ ಕಾಲ್ಡ್-ನಂಬರ್’ಗೆ ಒಂದು ಚುಕ್ಕಿ (ಯಾವ ನಂಬರಿಗೂ ಹೊಂದುವ ಗುರುತು) ಇಟ್ಟಿರುತ್ತಾರೆ, ಅದು ಹೊಂದಿಬಿಡುತ್ತೆ. ಹೊರಗಿನ ಕರೆಗೆ ಒಳಗಿನ ಟ್ರಾನ್ಸ್‌ಲೇಷನ್. ಪೀರ್ 100ಕ್ಕೂ ಯುಆರ್‌ಐ ಹೊಂದಿಕೆಯನ್ನೇ ಹಾಕಿ, ಆ ಚುಕ್ಕಿ ತೆಗೆಯಿರಿ.

ತುಂಗಾ_ಟ್ರಂಕ್

ಪೀರ್ 100ರಲ್ಲಿ ಆ ಚುಕ್ಕಿ ಇತ್ತು, ತೆಗೆದೆ. ರೂಲ್ 1 ತೆಗೆದ ಮೇಲೆ 80ರ ಮೊಬೈಲುಗಳು ಹೋಗುತ್ತಿವೆ. ಬೆಂಗಳೂರು ಲ್ಯಾಂಡ್‌ಲೈನನ್ನು 11 ಅಂಕಿಯಲ್ಲಿ ಎರಡೂ ಟ್ರಂಕ್ ತಗೊಂಡವು.

ಈಗ ಫೇಲ್‌ಓವರ್ (ಎ ಬಿದ್ದರೆ ಬಿ ಕಡೆಗೆ ತಿರುಗುವುದು). 110ನ್ನು ಶಟ್‌ಡೌನ್ ಮಾಡಿ ನೋಡಿದೆ, ಕರೆ 120 ಮೇಲೆ ಹೋಯಿತು. ಇಷ್ಟು ಸಾಕೇ?

ಡಯಲ್‌ಪೀರ್_ಸೊನ್ನೆ

ಸಾಲದು. ಶಟ್‌ಡೌನ್ ಮಾಡಿದ ಪೀರ್ ಹೊಂದಾಣಿಕೆಗೇ ಬರಲ್ಲ. ನೀವು ಪರೀಕ್ಷಿಸಿದ್ದು 120 ಕೆಲಸ ಮಾಡುತ್ತಾ ಅಂತ. ಎ ಉತ್ತರ ಕೊಡದಿದ್ದಾಗ ಕ್ಯೂಬ್ ಬಿ ಕಡೆಗೆ ತಿರುಗುತ್ತಾ ಅನ್ನೋದು ಬೇರೆ ಪರೀಕ್ಷೆ. ಹೊರಗಿನ ಇಂಟರ್‌ಫೇಸಿನಲ್ಲಿ 192.0.2.10ರ 5060 ಪೋರ್ಟಿಗೆ ಹೋಗುವುದನ್ನು ಎಸಿಎಲ್ (ಪ್ಯಾಕೆಟ್ ತಡೆಯುವ ಪಟ್ಟಿ) ಹಾಕಿ ತಡೆದು ಕರೆ ಮಾಡಿ.

ಹಳೇಬೇರು

ಇಲ್ಲಿ ತಿದ್ದುತ್ತೇನೆ ಸೊನ್ನೆಯವರೇ. ಹೊರಹೋಗುವ ದಿಕ್ಕಿನ ಎಸಿಎಲ್ ರೂಟರ್ ತಾನೇ ಹುಟ್ಟಿಸಿದ ಪ್ಯಾಕೆಟ್ಟನ್ನು ತಡೆಯಲ್ಲ. ಕ್ಯೂಬಿನ ಸಿಪ್ ಸಂದೇಶಗಳೆಲ್ಲ ರೂಟರ್ ಹುಟ್ಟಿಸಿದವೇ. ಎಸಿಎಲ್ ಹಾಕಿಯೂ ಕರೆ ಎ ಮೇಲೇ ಹೋಗುತ್ತೆ, ನೋಡುವವರು ತಲೆ ಕೆರೆದುಕೊಳ್ಳುತ್ತಾರೆ.

ಒಳಬರುವ ದಿಕ್ಕಿನಲ್ಲಿ ಹಾಕಿದರೆ ತಡೆ ಆಗುತ್ತೆ, ಆದರೆ ಅದು ಇನ್ನೂ ಕೆಟ್ಟದ್ದು. ಇನ್ವೈಟ್ ಎ ತಲುಪುತ್ತೆ, ಅತ್ತ ಫೋನ್ ರಿಂಗ್ ಆಗುತ್ತೆ, ಉತ್ತರ ಮಾತ್ರ ವಾಪಸ್ ಬರಲ್ಲ. ಕ್ಯೂಬ್ ಬಿ ಮೇಲೆ ಮತ್ತೆ ಕರೆಯುತ್ತೆ. ಒಬ್ಬರಿಗೇ ಎರಡು ಕರೆ.

ಮುಂದೆ ಫೈರ್‌ವಾಲ್ ಇದ್ದರೆ ಅಲ್ಲಿ ತಡೆಯಿರಿ. ಇಲ್ಲದಿದ್ದರೆ ಆ ಒಂದೇ ವಿಳಾಸಕ್ಕೆ ನಲ್ ರೂಟ್: ‘ಐಪಿ ರೂಟ್ 192.0.2.10 255.255.255.255 ನಲ್ 0’. ಪ್ಯಾಕೆಟ್ ಹೊರಡೋದೇ ಇಲ್ಲ.

ಡಯಲ್‌ಪೀರ್_ಸೊನ್ನೆ

ಸರಿ, ಒಪ್ಪಿದೆ. ನಲ್ ರೂಟೇ ಒಳ್ಳೇದು.

ಈಗ ಲೆಕ್ಕ. ಯುಡಿಪಿಯಲ್ಲಿ ಉತ್ತರ ಬರದಿದ್ದರೆ ಕ್ಯೂಬ್ ಅರ್ಧ ಸೆಕೆಂಡಿಗೆ ಮರುಕಳಿಸುತ್ತೆ, ಪ್ರತಿ ಸಲ ಕಾಯುವ ಹೊತ್ತು ಎರಡು ಪಟ್ಟು. ‘ರಿಟ್ರೈ ಇನ್ವೈಟ್’ ಡೀಫಾಲ್ಟ್ 6. ಅಷ್ಟರಲ್ಲಿ ಅರ್ಧ ನಿಮಿಷಕ್ಕೂ ಮೇಲಾಗುತ್ತೆ, ಅಷ್ಟು ಹೊತ್ತು ಸದ್ದಿಲ್ಲದ ಫೋನ್ ಹಿಡಿದು ಯಾರೂ ಕೂರಲ್ಲ. ‘ಸಿಪ್-ಯುಎ’ ಅಡಿಯಲ್ಲಿ ಅದನ್ನು 2 ಮಾಡಿ. ಅರ್ಧ, ಒಂದು, ಎರಡು, ಒಟ್ಟು ಸುಮಾರು ಮೂರೂವರೆ ಸೆಕೆಂಡಿಗೆ ಬಿ ಕಡೆಗೆ ತಿರುಗುತ್ತೆ.

ಅದರ ಜೊತೆಗೆ ಆಪ್ಷನ್ಸ್ ಕೀಪ್‌ಅಲೈವ್ (ಆ ಕಡೆ ಬದುಕಿದೆಯಾ ಅಂತ ಆಗಾಗ ಕೇಳುವ ಸಂದೇಶ). ಡೀಫಾಲ್ಟ್ ಪ್ರಕಾರ ಎದ್ದಿರುವ ಪೀರಿಗೆ 60 ಸೆಕೆಂಡಿಗೊಮ್ಮೆ, ಬಿದ್ದ ಪೀರಿಗೆ 30 ಸೆಕೆಂಡಿಗೊಮ್ಮೆ, 5 ಸಲ ಪ್ರಯತ್ನ. ಪೀರ್ ಬಿದ್ದದ್ದು ಗೊತ್ತಾದ ಮೇಲೆ ‘ಶೋ ಡಯಲ್-ಪೀರ್ ವಾಯ್ಸ್ ಸಮರಿ’ಯ ಕೀಪ್‌ಅಲೈವ್ ಕಾಲಮಿನಲ್ಲಿ ಬ್ಯುಸಿಔಟ್ ಅಂತ ಬರುತ್ತೆ, ಆಮೇಲಿನ ಕರೆಗಳು ತಡವಿಲ್ಲದೆ ಬಿ ಮೇಲೆ ಹೋಗುತ್ತವೆ. ಹಾಗಾಗಿ ಎರಡು ಸಲ ಅಳೆಯಿರಿ: ನಲ್ ರೂಟ್ ಹಾಕಿದ ಕೂಡಲೇ ಒಂದು ಕರೆ (ಟೈಮರ್ ಕೆಲಸ), ಬ್ಯುಸಿಔಟ್ ಬಂದ ಮೇಲೆ ಇನ್ನೊಂದು (ಕೀಪ್‌ಅಲೈವ್ ಕೆಲಸ). 110ರ ಮೇಲೆ ‘ಹಂಟ್‌ಸ್ಟಾಪ್’ (ಮುಂದಿನ ಪೀರ್ ಹುಡುಕಬೇಡ ಅನ್ನುವ ಆಜ್ಞೆ) ಇದ್ದರೆ ಮೊದಲನೆಯದು ಬಿ ಕಡೆಗೆ ಹೋಗೋದೇ ಇಲ್ಲ.

ಒಂದು ಮಾತು, ಆಪ್ಷನ್ಸಿಗೆ 200 ಬಂತು ಅಂದರೆ ಟ್ರಂಕ್ ಬದುಕಿದೆ ಅಂತ ಮಾತ್ರ. ಕರೆ ಹೋಗುತ್ತೆ ಅಂತ ಅಲ್ಲ.

ಅಕ್ಮೆ_ಅಣ್ಣ

ಒರಾಕಲ್ ಎಸ್‌ಬಿಸಿ ಇಟ್ಟವರಿಗೆ ಇದೇ ಪರೀಕ್ಷೆಯ ಇನ್ನೊಂದು ರೂಪ. ಅಲ್ಲಿ ‘ಟೆಸ್ಟ್-ಪಾಲಿಸಿ’ ಇದೆ. ಅದರೊಳಗೆ ಸೋರ್ಸ್ ರೆಲ್ಮ್ (ಕರೆ ಬರುವ ಕಡೆಯ ಜಾಲ), ಫ್ರಮ್ ವಿಳಾಸ, ಟು ವಿಳಾಸ ಕೊಟ್ಟು ‘ಶೋ’ ಅಂದರೆ ಯಾವ ಲೋಕಲ್ ಪಾಲಿಸಿ (ರೂಟಿಂಗ್ ನಿಯಮ) ಹತ್ತಿತು, ಮುಂದಿನ ನಿಲುಗಡೆ ಯಾವುದು ಅಂತ ಹೇಳುತ್ತೆ. ಕಾಸ್ಟ್ ಕಡಿಮೆ ಇರುವುದಕ್ಕೆ ಮೊದಲ ಮಣೆ. ಎಲ್ಲರೂ ಎಡವೋದು ಸೋರ್ಸ್ ರೆಲ್ಮಿನಲ್ಲಿ. ಕರೆ ನಿಜವಾಗಿ ಬರುವ ರೆಲ್ಮ್ ಒಂದು, ಪರೀಕ್ಷೆಗೆ ಕೊಟ್ಟದ್ದು ಇನ್ನೊಂದು.

‘ಶೋ ಸಿಪ್‌ಡಿ ಏಜೆಂಟ್ಸ್’ನಲ್ಲಿ ಏಜೆಂಟಿನ (ಎದುರು ಕಡೆಯ ಸಿಪ್ ಸಾಧನ) ಹೆಸರಿನ ಪಕ್ಕ ಅಕ್ಷರ ನೋಡಿ: ಐ ಅಂದರೆ ಸೇವೆಯಲ್ಲಿದೆ, ಒ ಅಂದರೆ ಇಲ್ಲ, ಸಿ ಅಂದರೆ ಮಿತಿ ಮೀರಿದೆ, ಡಿ ಅಂದರೆ ನಿಷ್ಕ್ರಿಯ ಮಾಡಿದ್ದಾರೆ. ‘ಶೋ ಸಿಪ್‌ಡಿ ಪಾಲಿಸಿ’ಯಲ್ಲಿ ‘ಲೋಕಲ್ ಪಾಲಿಸಿ ಮಿಸಸ್’ ಎಣಿಕೆ ಏರುತ್ತಿದ್ದರೆ ಪಾಲಿಸಿಯೇ ಹೊಂದುತ್ತಿಲ್ಲ. ಕಾನ್ಫಿಗ್ ಸೇವ್ ಮಾಡಿ ಆ್ಯಕ್ಟಿವೇಟ್ ಮಾಡುವುದನ್ನು ಮರೆತು ಗಂಟೆಗಟ್ಟಲೆ ಹುಡುಕುವವರೂ ಉಂಟು. ಬರೆದದ್ದಲ್ಲ, ಓಡುತ್ತಿರುವುದು ಮುಖ್ಯ.

ಗಂಟೆ_ಗೌಡ್ತಿ

112ರ ವಿಷಯ ಯಾರೂ ಎತ್ತಿಲ್ಲ. ಅದಕ್ಕೆ ಪ್ರತ್ಯೇಕ ಪೀರ್ ಬೇಕು. ಮೇಲಿನ ಮೂರು ರೂಲೂ ಅದಕ್ಕೆ ಹತ್ತಬಾರದು. ಕಾಲ್ ಮ್ಯಾನೇಜರ್ ಅದನ್ನು +91112 ಮಾಡಿ ಕಳಿಸಿದರೆ ನಿಮ್ಮ ರೂಲ್ 2 ಅದನ್ನು 0112 ಮಾಡುತ್ತೆ. 011 ದೆಹಲಿಯ ಕೋಡ್, ನಂಬರ್ ಅರ್ಧಕ್ಕೇ ನಿಂತಿದೆ, ಕರೆ ಸತ್ತ ಹಾಗೇ.

ಒಂದೇ ಎಸ್‌ಬಿಸಿಯಿಂದ ಹಲವು ಊರಿನ ಕಚೇರಿ ನಡೆಸುವವರು ಇನ್ನೂ ಎಚ್ಚರ. ಮುಂಬೈ ಟ್ರಂಕಿನಿಂದ ಹೊರಟ 112 ಅಲ್ಲಿನ ಕಂಟ್ರೋಲ್ ರೂಮಿಗೆ ಹೋಗುತ್ತೆ, ಫೋನ್ ಎತ್ತಿದವರು ಹುಬ್ಬಳ್ಳಿಯಲ್ಲಿದ್ದರೂ. ಪ್ರತಿ ಊರಿನ 112 ಆ ಊರಿನ ಲೈನಿನಿಂದಲೇ ಹೊರಡಬೇಕು.

ಪರೀಕ್ಷೆಗೆ ಅಂತ 112ಕ್ಕೆ ಕರೆ ಮಾಡಬೇಡಿ. ಶೋ ಡಯಲ್‌ಪ್ಲಾನ್, ರೂಲ್ ಟೆಸ್ಟ್, ಆಮೇಲೆ ಆ ಪೀರಿನ ಗುರಿಯನ್ನು ತಾತ್ಕಾಲಿಕವಾಗಿ ಲ್ಯಾಪ್‌ಟಾಪಿನ ಸಿಪ್‌ಪಿಗೆ (ಸಿಪ್ ಪರೀಕ್ಷೆಯ ತಂತ್ರಾಂಶ) ತಿರುಗಿಸಿ ಇನ್ವೈಟಿನಲ್ಲಿ ಏನು ಬಂತು ನೋಡಿ. ಟು ಹೆಡರಿನಲ್ಲಿ 112 ಮಾತ್ರ ಇರಬೇಕು. ನೋಡಿದ ತಕ್ಷಣ ಗುರಿ ವಾಪಸ್.

ರಿಂಗ್‌ಬ್ಯಾಕ್

ಡೀಬಗ್ ಹಾಕುವವರಿಗೆ. ಮೊದಲು ಕನ್ಸೋಲ್ ಲಾಗಿಂಗ್ ಆಫ್ ಮಾಡಿ, ಬಫರ್ ದೊಡ್ಡದು ಮಾಡಿ, ಸಮಯದ ಮುದ್ರೆಯಲ್ಲಿ ಮಿಲಿಸೆಕೆಂಡ್ ಬರುವಂತೆ ಇಡಿ. ಆಮೇಲೆ ‘ಡೀಬಗ್ ಸಿಸಿಸಿಪ್ ಮೆಸೇಜಸ್’ ಮತ್ತು ‘ಡೀಬಗ್ ವಾಯಿಪ್ ಡಯಲ್‌ಪೀರ್ ಇನ್ಔಟ್’. ಎರಡನೆಯದರಲ್ಲಿ ಯಾವ ಪೀರ್‌ಗಳು ಹೊಂದಿದವು, ಯಾವ ಕ್ರಮದಲ್ಲಿ ಅಂತ ಪಟ್ಟಿಯೇ ಬರುತ್ತೆ. ಕರೆ ತುಂಬಿ ಹರಿಯುವ ಹಗಲಿನಲ್ಲಿ ಬೇಡ. ನಿಮ್ಮದು 17.6 ಆದ್ದರಿಂದ ವಾಯಿಪ್ ಟ್ರೇಸ್ ಇದೆ (17.3.2ರಿಂದ ಬಂದದ್ದು), ಆಗಿಹೋದ ಕರೆಯನ್ನೂ ತೆಗೆದು ನೋಡಬಹುದು.

403 (ಅನುಮತಿ ಇಲ್ಲ) ಬಂದರೆ ಕರೆಸಿಕೊಳ್ಳುವವರ ನಂಬರ್ ಬಿಡಿ, ಕರೆ ಮಾಡುವವರದ್ದು ನೋಡಿ. ಫ್ರಮ್ ಅಥವಾ ಪಿ-ಅಸರ್ಟೆಡ್-ಐಡೆಂಟಿಟಿಯಲ್ಲಿ ಟ್ರಂಕಿನವರು ಕೊಟ್ಟ 080 ಗುಂಪಿನ ನಂಬರ್ ಇಲ್ಲದಿದ್ದರೆ ಬಹಳ ಕಡೆ ತಳ್ಳಿಬಿಡುತ್ತಾರೆ. ಹೊರಗಿನಿಂದ ಬಂದ ಕರೆಯನ್ನು ಮೊಬೈಲಿಗೆ ಫಾರ್ವರ್ಡ್ ಮಾಡಿದಾಗ ಇದು ಖಂಡಿತ ಕಾಣಿಸುತ್ತೆ. ಆದ್ದರಿಂದ ಫಾರ್ವರ್ಡ್ ಮಾಡಿದ ಕರೆಯೂ ನಿಮ್ಮ ಪರೀಕ್ಷೆಯ ಪಟ್ಟಿಯಲ್ಲಿರಲಿ. 484 ಅಂದರೆ ಅಂಕಿ ಕಡಿಮೆ. 488 ಅಂದರೆ ಕೋಡೆಕ್ ಜಗಳ, ರೂಟಿಂಗಿಗೆ ಸಂಬಂಧ ಇಲ್ಲ.

ಕರೆ ಸೇರಿ ಒಂದೇ ಕಡೆ ಮಾತು ಕೇಳಿದರೆ ‘ಶೋ ವಾಯಿಪ್ ಆರ್‌ಟಿಪಿ ಕನೆಕ್ಷನ್ಸ್’. ಟ್ರಂಕ್ ಕಡೆಯ ಸಾಲಿನಲ್ಲಿ ನಿಮ್ಮ ಒಳಗಿನ 10.10 ವಿಳಾಸ ಕಂಡರೆ ಆ ಪೀರಿನ ಮೇಲೆ ಮೀಡಿಯಾ ಬೈಂಡ್ (ಧ್ವನಿ ಯಾವ ಇಂಟರ್‌ಫೇಸಿನಿಂದ ಹೊರಡಬೇಕು ಅನ್ನುವ ಆಜ್ಞೆ) ಬಿಟ್ಟುಹೋಗಿದೆ.

ತುಂಗಾ_ಟ್ರಂಕ್

ಮಾಡಿದ್ದನ್ನು ಹಾಕುತ್ತಿದ್ದೇನೆ. 1800ರ ರೂಲ್ ಮೇಲೆ ಸೇರಿಸಿದೆ. 112ಕ್ಕೆ ಬೇರೆ ಪೀರ್, ಸಿಪ್‌ಪಿಯಲ್ಲಿ 112 ಮಾತ್ರ ಬಂತು. ಹಂಚದ ಡಿಐಡಿ ಸುತ್ತು ಹೊಡೆಯುತ್ತಿತ್ತು, ಸರ್ಚ್ ಸ್ಪೇಸ್ ಬದಲಾಯಿಸಿದ ಮೇಲೆ ಈಗ ಒಂದೇ ಸಲಕ್ಕೆ 404. ರಿಟ್ರೈ 2 ಮಾಡಿ ನಲ್ ರೂಟ್ ಹಾಕಿದೆ: ಮೊದಲ ಕರೆ ನಾಲ್ಕು ಸೆಕೆಂಡಿನೊಳಗೆ ಬಿ ಮೇಲೆ ರಿಂಗ್ ಆಯಿತು, ಬ್ಯುಸಿಔಟ್ ಬಂದ ಮೇಲೆ ತಡವೇ ಇಲ್ಲ. ಫಾರ್ವರ್ಡ್ ಕರೆಗೆ ಎ ಕಡೆ 403 ಬರುತ್ತಿದೆ, ಬಿ ಕಡೆ ಹೋಗುತ್ತಿದೆ.

ರಿಂಗ್‌ಬ್ಯಾಕ್

ಎ ಕಡೆಗೆ ಡೈವರ್ಷನ್ (ಯಾರು ಫಾರ್ವರ್ಡ್ ಮಾಡಿದರು ಅಂತ ಹೇಳುವ) ಹೆಡರಿನಲ್ಲಿ ನಿಮ್ಮ ಡಿಐಡಿ ಹೋಗುತ್ತಿದೆಯಾ ನೋಡಿ. ಬರೀ 4 ಅಂಕಿಯ ಎಕ್ಸ್‌ಟೆನ್ಷನ್ ಹೋಗುತ್ತಿದ್ದರೆ 110ರ ಮೇಲೆ ಸಿಪ್ ಪ್ರೊಫೈಲ್ ಬರೆದು ಪೂರ್ತಿ ನಂಬರ್ ಮಾಡಿ. ಡೈವರ್ಷನ್ ನೋಡದೇ ಫ್ರಮ್ ಮಾತ್ರ ನೋಡುವವರಾದರೆ ಪಿ-ಅಸರ್ಟೆಡ್-ಐಡೆಂಟಿಟಿಗೆ ಪೈಲಟ್ (ಮುಖ್ಯ) ನಂಬರ್ ಹಾಕಬಹುದಾ ಅಂತ ಅವರನ್ನೇ ಕೇಳಬೇಕು.

ಹಳೇಬೇರು

ನಲ್ ರೂಟ್ ತೆಗೆದಿರಾ? ‘ಶೋ ಐಪಿ ರೂಟ್ 192.0.2.10’ ಒಮ್ಮೆ ಹೊಡೆದು ನೋಡಿ. ನಡುವೆ ರೈಟ್ ಮೆಮರಿ (ಕಾನ್ಫಿಗ್ ಸೇವ್) ಮಾಡಿದ್ದರೆ ರೀಲೋಡ್ ಆದ ಮೇಲೂ ಅದು ಅಲ್ಲೇ ಕೂತಿರುತ್ತೆ. ಬಿ ಒಂದರ ಮೇಲೇ ಓಡುತ್ತಿದೆ ಅಂತ ಬಿಲ್ ಬಂದಾಗಲೇ ಗೊತ್ತಾಗೋದು.